ಕುರ್ಚಿಯ ಕಾಲಿಗೆ ಮೆತ್ತಿದ ಸೀಲು

ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಜನ ಹೆದರಿದ್ದ ವರ್ಷ ಅದು. ಹಾಗಾಗದಂತೆ ನೋಡಿಕೊಳ್ಳುವ ಕೆಲಸದಲ್ಲಿ ನಾನೂ ಇದ್ದೆ. ಹಾಗಾಗಿ ತಲೆ ಸ್ವಲ್ಪ ತಿರುಗಿತ್ತು ಅಂತಲೇ ಹೇಳಬೇಕು. ಅಮೆರಿಕದ ಹಿಲ್ಸ್‌ಬರೋದಲ್ಲಿ ಆಗಷ್ಟೇ ಮನೆ ತೆಗೆದುಕೊಂಡಿದ್ದೆವು, ಹೆಂಡತಿ ಬಸುರಿ. ಬಾಣಂತನಕ್ಕೆ ಅಕ್ಟೋಬರಿನಲ್ಲಿ ಮಂಡ್ಯದಿಂದ ಅತ್ತೆ ಬರುವವರಿದ್ದರು. ತನ್ನಮ್ಮ ಮಗುವನ್ನು ಎತ್ತಿಕೊಂಡು ಕೂರಲು ಮನೆಯ ಹಿಂದಿನ ಮರದ ಜಗಲಿ, ಅಂದರೆ ಡೆಕ್ ಮೇಲೆ ಒಂದು ಗಟ್ಟಿ ಕುರ್ಚಿ ಇರಲಿ ಎಂದು ಹೆಂಡತಿ ಹೇಳಿದಳು.

ಅದಕ್ಕೆ ಮೂರು ಶನಿವಾರ ಅಂಗಡಿ ಸುತ್ತಿದೆ. ಮರದ್ದಾದರೆ ವರ್ಷ ವರ್ಷ ಎಣ್ಣೆ ಹಚ್ಚಬೇಕು, ಕಬ್ಬಿಣ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ ಜನವರಿಯ ಚಳಿಗೆ ಬಿರಿಯುತ್ತದೆ. ಕೊನೆಗೆ ಅಲ್ಯೂಮಿನಿಯಂ ಕೊಳವೆಯ ಕುರ್ಚಿ ಗೆದ್ದಿತು. ಹಿಮ ಬಿದ್ದರೂ ಹೊರಗೇ ಬಿಡಬಹುದು ಎಂದ ಅಂಗಡಿಯವನು. ಮನೆಗೆ ತಂದು ತಿರುಗಿಸಿದರೆ ನಾಲ್ಕು ಕಾಲಿನ ತುದಿಯಲ್ಲೂ ಒಂದೊಂದು ಸಣ್ಣ ತೂತು. ಇಷ್ಟು ಹುಡುಕಿ ತಂದದ್ದರಲ್ಲೂ ಕೊರತೆಯೇ ಎಂದು ಸಿಟ್ಟು ಬಂತು. ಜೊತೆಗೆ ಬಂದ ಕಾಗದ ಓದುವ ತಾಳ್ಮೆ ನನಗೆಲ್ಲಿ?

ನಮ್ಮ ಊರಲ್ಲಿ ನೀರಿನ ಟ್ಯಾಂಕ್ ಸೋರಲಿ, ನಲ್ಲಿ ಸೋರಲಿ, ಎರಡು ಬಣ್ಣದ ಮುದ್ದೆ ಕಲಸಿ ಮೆತ್ತುವ ಸೀಲೊಂದಿದೆ, ಅದೇ ಮದ್ದು. ಅತ್ತೆಯ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಬಾಣಂತಿ ಲೇಹ್ಯದ ಜೊತೆ ಅದರ ಎರಡು ಪೊಟ್ಟಣ ತರಿಸಿದೆ. ನಾನು ತೂತು ಮುಚ್ಚುತ್ತಿದ್ದಾಗ ಅತ್ತೆ ಪಕ್ಕದಲ್ಲೇ ನಿಂತಿದ್ದರು. ಹೂವಿನ ಕುಂಡಕ್ಕೆ ತೂತು ಬಿಟ್ಟ ಹಾಗೆ ಇದಕ್ಕೂ ಬೇಕೆಂದೇ ಬಿಟ್ಟಿರಬಹುದೇನೋ ಎಂದರು. ನಾನು ನಕ್ಕುಬಿಟ್ಟೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಡಿಸೆಂಬರಿನಲ್ಲಿ ಮಗಳು ಹುಟ್ಟಿದಳು. ಎಣ್ಣೆನೀರು ಹಾಕಿದ ಮೇಲೆ ಮಗುವಿಗೆ ಎಳೆಬಿಸಿಲು ಕಾಯಿಸದಿದ್ದರೆ ಅತ್ತೆಗೆ ಸಮಾಧಾನವಿಲ್ಲ. ಗಾಜಿನೊಳಗಿಂದ ಬರುವುದೂ ಒಂದು ಬಿಸಿಲೇ ಎಂದು ಗೊಣಗುತ್ತ ಕಿಟಕಿಯ ಬಳಿ ಕೂರುತ್ತಿದ್ದರು. ಏಪ್ರಿಲ್ ಮೊದಲ ವಾರ ಕೊನೆಗೂ ಒಂದು ಬೆಚ್ಚನೆಯ ಬೆಳಿಗ್ಗೆ ಬಂತು. ಮಗುವನ್ನು ಸುತ್ತಿಕೊಂಡು ಡೆಕ್‌ಗೆ ಹೋಗಿ, ಚಳಿಗಾಲವೆಲ್ಲ ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತರು. ಹಿಂದಿನ ಕಾಲು ಮುರಿಯಿತು. ಬೀಳುತ್ತ ಎಡಗೈಯಿಂದ ಮಗುವನ್ನು ಎದೆಗೆ ಅವಚಿಕೊಂಡರು, ಬಲಗೈ ನೆಲಕ್ಕೆ ಊರಿದರು. ಮಗುವಿಗೆ ಏನೂ ಆಗಲಿಲ್ಲ. ಅವರ ಮಣಿಕಟ್ಟು ಮುರಿದಿತ್ತು.

ಆಸ್ಪತ್ರೆಯಿಂದ ಬಂದು ಕುರ್ಚಿ ನೋಡಿದೆ. ಕಾಲು ಉದ್ದಕ್ಕೆ ಸೀಳಿಹೋಗಿತ್ತು. ತುದಿಯಲ್ಲಿ ನನ್ನ ಸೀಲು ಮಾತ್ರ ಗಟ್ಟಿಯಾಗಿ ಕೂತಿತ್ತು. ಮೇಲಿನ ಸ್ಕ್ರೂಗಳ ಸಂದಿಯಿಂದ ಇಳಿದ ಮಳೆನೀರು ಹೊರಹೋಗಲು ದಾರಿಯಿಲ್ಲದೆ, ಒಳಗೇ ಹೆಪ್ಪುಗಟ್ಟಿ ಕೊಳವೆಯನ್ನು ಒಡೆದಿತ್ತು. ಮನೆಯಲ್ಲಿ ಮಾತ್ರ ಮಾಲೇ ಸರಿಯಿರಲಿಲ್ಲ ಎಂದು ಹೇಳಿ ಕುರ್ಚಿಯನ್ನು ಕಸಕ್ಕಿಟ್ಟೆ.

ಅಂದಿನಿಂದ ಅತ್ತೆ ಮಗುವನ್ನು ಮುಟ್ಟಲಿಲ್ಲ. ಕೈ ನೋವಿಗೇನೋ ಅಂದುಕೊಂಡೆವು. ಆದರೆ ತೊಡೆಯ ಮೇಲೆ ಮಲಗಿಸುತ್ತೇನೆ ಎಂದು ಹೆಂಡತಿ ಹೇಳಿದರೂ ಬೇಡವೆನ್ನುತ್ತಿದ್ದರು. ಊರಿಗೆ ಫೋನ್ ಮಾಡಿದಾಗ, ನನಗೆ ವಯಸ್ಸಾಯಿತು, ಕೂರುವುದಕ್ಕೂ ಬರುವುದಿಲ್ಲ, ಮಗು ಕೈಜಾರುತ್ತಿತ್ತು, ಕುರ್ಚಿಯೇ ಸರಿಯಿರಲಿಲ್ಲ ಅಂತ ಅಳಿಯಂದಿರು ನನ್ನ ಸಮಾಧಾನಕ್ಕೆ ಹೇಳುತ್ತಾರೆ ಎಂದು ಹೇಳುವುದು ಕೇಳಿಸಿತು. ಆರು ಮಕ್ಕಳಿಗೆ ನೀರು ಹಾಕಿ ಬೆಳೆಸಿದ ಹೆಂಗಸು. ನನಗೆ ನಾಚಿಕೆಯಾಯಿತು. ಆದರೂ ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುತ್ತ ಹತ್ತು ದಿನ ಕಳೆದೆ.

ಅವರ ವೀಸಾದ ಆರು ತಿಂಗಳು ಮುಗಿದು ಹೊರಡುವ ದಿನ ಬಂತು. ಅವರ ಪೆಟ್ಟಿಗೆಗೆ ಹಗ್ಗ ಕಟ್ಟುತ್ತ ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದೆ. ನಿಮ್ಮ ತಪ್ಪೇನೂ ಇರಲಿಲ್ಲ, ಕುರ್ಚಿ ಕೆಡಿಸಿದವನು ನಾನೇ ಎಂದೆ. ಬೈಯಲಿ ಎಂದು ಕಾದೆ. ಅತ್ತೆ ಪ್ಲಾಸ್ಟರಿನ ಕೈಯನ್ನು ಮಡಿಲಿಗೆಳೆದುಕೊಂಡರು.

"ಮೊದಲೇ ಹೇಳಿದ್ದಿದ್ರೆ," ಎಂದರು, "ಇಷ್ಟು ದಿನ ಮಗೂನ ಎತ್ಕೋತಿದ್ದೆನಲ್ಲಪ್ಪ."

ಏರ್‌ಪೋರ್ಟಿಗೆ ಹೊರಡಲು ಇನ್ನು ಅರ್ಧ ಗಂಟೆ ಇತ್ತು. ಅವರು ನೆಲದ ಮೇಲೆ ಗೋಡೆಗೆ ಒರಗಿ ಕೂತು, ಕಾಲು ಚಾಚಿ, ಮಗುವನ್ನು ಕೊಡಿ ಎಂದರು.