ಶಾಲೆಯ ಬಯಲು ಕಣವಾದಾಗ

ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದ ಸರ್ಕಾರಿ ಪ್ರೌಢಶಾಲೆ ಮೋಟೆಬೆನ್ನೂರಿನಿಂದ ಒಳಗೆ, ಕರಿ ಹೊಲಗಳ ನಡುವೆ ಇತ್ತು. ಗಂಟೆ ಬಾರಿಸಿದ ಮೇಲೆ ಬಂದವರು ಗೇಟಿನ ಹೊರಗೆ ನಿಲ್ಲಬೇಕು. ಶಿಕ್ಷಕರಿಗೂ ಅದೇ ನಿಯಮ. ಊರಿನವರು ನನ್ನನ್ನು ಬಿರುಸಿನ ಹೆಂಗಸು ಎನ್ನುತ್ತಿದ್ದರು. ಅದರಲ್ಲಿ ಸುಳ್ಳೇನಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮಲ್ಲಿ ಮೆಣಸಿನಕಾಯಿ ಸುಗ್ಗಿಯೂ ಎಸ್ಸೆಸ್ಸೆಲ್ಸಿ ತಯಾರಿಯೂ ಒಟ್ಟಿಗೇ ಬರುತ್ತವೆ. ಒಂದು ಸೋಮವಾರ ಬಂದು ನೋಡಿದರೆ ಶಾಲೆಯ ಬಯಲೆಲ್ಲ ಕೆಂಪು. ಯಾರೋ ರಾತ್ರೋರಾತ್ರಿ ಕಾಯಿ ಹರವಿದ್ದರು. ಮಕ್ಕಳು ವರಾಂಡದಲ್ಲಿ ನಿಂತು, ಸೀನುತ್ತಲೇ ಪ್ರಾರ್ಥನೆ ಮುಗಿಸಿದರು.

ಅದನ್ನೂ ಸಹಿಸುತ್ತಿದ್ದೆನೇನೋ. ಆದರೆ ಹಿಂದಿನ ವಾರದಿಂದ ಶಾಲೆಗೆ ಬಾರದಿದ್ದ ಹತ್ತನೆಯ ತರಗತಿಯ ಹುಡುಗಿ ಅದೇ ರಾಶಿಯ ಬದಿಗೆ ಕೂತು ತೊಟ್ಟು ಬಿಡಿಸುತ್ತಿದ್ದಳು, ತನ್ನ ತರಗತಿಯ ಕಿಟಕಿಗೆ ಬೆನ್ನು ಮಾಡಿ. ಗಣಿತದಲ್ಲಿ ಅವಳನ್ನು ಮೀರಿಸುವವರು ಶಾಲೆಯಲ್ಲಿರಲಿಲ್ಲ. ಪಕ್ಕದಲ್ಲಿ ಅವಳ ಅಜ್ಜಿ. ಅಪ್ಪ ಕಾಯಿ ಹೊರಳಿಸುತ್ತಿದ್ದ. ನಾನು ನೇರ ಅವನ ಕಡೆ ನಡೆದೆ.

"ಯಾರನ್ನ ಕೇಳಿ ಇಲ್ಲಿ ಹಾಕೀರಿ?"

"ಊರ ಶಾಲಿ, ಊರ ಬಯಲು. ಈಗ ಇದು ಕಣಾರಿ, ಅಕ್ಕೋರ. ಮೊದಲ ಚಪ್ಪಲ್ ಕಳೀರಿ."

ಕಣದಲ್ಲಿ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಕಳಚಿಟ್ಟೆ.

"ಖರೇನ ಕಣ ಏನ್ರಿ ಇದು?"

"ಖರೇನ ರೀ. ಪೂಜಿನೂ ಮಾಡೇವಿ."

ನಾನು ಸೆರಗು ಒಡ್ಡಿ ನಿಂತೆ. ಕಣಕ್ಕೆ ಬಂದು ಕೇಳಿದವರಿಗೆ ಇಲ್ಲ ಎನ್ನುವ ರೂಢಿ ನಮ್ಮ ಕಡೆ ಇಲ್ಲ. ಅವನು ನಗುತ್ತ ಒಂದು ಮೊರ ಕಾಯಿ ತುಂಬಿಕೊಂಡು ಬಂದ.

"ಕಾಯಿ ಬ್ಯಾಡ್ರಿ. ಮಗಳನ್ನ ಕೊಡ್ರಿ. ಪರೀಕ್ಷಿ ಮುಗಿಯೂತನಕ."

ಅವನ ನಗು ನಿಂತಿತು. "ಅದ್ಹೆಂಗ ಆಕ್ಕೈತ್ರಿ? ಮುಂದಿನ ವರ್ಷ ಪರೀಕ್ಷಿ ಕಟ್ಟತಾಳ ಬಿಡ್ರಿ."

"ಮುಂದಿನ ವರ್ಷ ಸುಗ್ಗಿ ಬರೂದಿಲ್ಲೇನು?"

ಅಜ್ಜಿ ತಲೆ ಎತ್ತದೆಯೇ ಮಗನಿಗೆ ಹೇಳಿದಳು: "ಲೇ, ಕಣದಾಗ ನಿಂತು ಇಲ್ಲ ಅನ್ನಾಕತ್ತೀಯಲ್ಲೋ? ಮಂದಿ ಬಯಲಾಗ ಕಣ ಮಾಡಾಕ ಧೈರ್ಯ ಇತ್ತು, ಕೊಡಾಕ ಇಲ್ಲೇನು?"

"ಯವ್ವಾ, ನೀ ಸುಮ್ಮನ ಕುಂದ್ರು."

"ಕುಂದರತೇನಿ. ಕುಂತು ಆಕಿ ಪಾಲಿನ ತೊಟ್ಟೂ ನಾನ ಬಿಡಸ್ತೇನಿ. ಏಳವಾ, ಲಗೂ ಏಳು."

ಹುಡುಗಿ ಎದ್ದಳು. ಕಣ್ಣು ತುಂಬಿದ್ದರೂ ಖಾರದ ಕೈಯಿಂದ ಒರೆಸಿಕೊಳ್ಳುವಂತಿರಲಿಲ್ಲ. "ಕೈಗೆ ಎಣ್ಣಿ ಹಚ್ಚಿ ತೊಳಕೊ. ಮುಂದಿನ ಪಿರಿಯಡ್ ಗಣಿತ," ಎಂದೆ. ಸಮಾಧಾನದ ಮಾತಾಡಲಿಲ್ಲ, ಅವಳಿಗೆ ಬೇಕಾಗಿದ್ದುದು ಪಾಠ.

"ಬಯಲು ಮಾತ್ರ ಬಿಡೂದಿಲ್ರಿ," ಎಂದು ಅವಳ ಅಪ್ಪ ಹಿಂದಿನಿಂದ ಕೂಗಿದ. ಬಿಡಲೂ ಇಲ್ಲ, ಆ ಸುಗ್ಗಿಯಿಡೀ ನಾವು ವರಾಂಡದಲ್ಲೇ ಪ್ರಾರ್ಥನೆ ಮಾಡಿದೆವು. ಹುಡುಗಿ ಮಾತ್ರ ಮತ್ತೆ ಒಂದು ದಿನವೂ ತಪ್ಪಿಸಲಿಲ್ಲ, ಬ್ಯಾಡಗಿಗೆ ಹೋಗಿ ಪರೀಕ್ಷೆ ಬರೆದಳು.

ಅದೇ ವಾರ ನಾನು ಊರ ಹೊರಗಿನ ಇನ್ನೊಂದು ಕಣಕ್ಕೆ ಹೋದೆ. ಅಲ್ಲಿಯೂ ನನ್ನ ವಿದ್ಯಾರ್ಥಿನಿಯೊಬ್ಬಳು ಕೂತಿದ್ದಳು. ಸುದ್ದಿ ನನಗಿಂತ ಮೊದಲೇ ತಲುಪಿತ್ತು.

"ಅಕ್ಕೋರು ಬಂದ್ರು, ಹುಡುಗೀನ ಮುಚ್ಚಿಡ್ರಲೇ!" ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು.

"ಮುಚ್ಚಿಡ್ರಿ. ನಾ ಸಂಜೀತನಾ ಇಲ್ಲೇ ಕುಂದರತೇನಿ," ಎಂದು ಕಣದ ನಟ್ಟನಡುವೆ ಕೂತೆ.