ಸಿಂಗಪುರದ ಹುಣ್ಣಿಮೆ ಊಟ

ಅಡಿಗೆ ಬದರಿನಾಥ ಹಬೆಯ ವಾಸನೆಯಲ್ಲೇ ಉಪ್ಪು ಹೇಳುತ್ತಿದ್ದ. ದೇವರ ನೈವೇದ್ಯಕ್ಕೆ ಮೊದಲು ಅಡಿಗೆಯನ್ನು ನಾಲಿಗೆಗೆ ಮುಟ್ಟಿಸುವ ಹಾಗಿಲ್ಲವಲ್ಲ, ಅದಕ್ಕಾಗಿ ಅವನಪ್ಪ ಕಲಿಸಿಕೊಟ್ಟ ವಿದ್ಯೆ ಅದು. ಕುದಿಯುವ ಹುಳಿಯ ಪಾತ್ರೆಯ ಮೇಲೆ ಬಗ್ಗಿ ಒಮ್ಮೆ ಉಸಿರೆಳೆದು "ಇನ್ನೊಂದು ಹಿಡಿ ಬೀಳಲಿ" ಅಂದನೆಂದರೆ ಅಲ್ಲಿಗೆ ಮುಗಿಯಿತು, ಬ್ರಹ್ಮ ಬಂದರೂ ತಿದ್ದುವಂತಿಲ್ಲ. ಜಯನಗರ, ಬನಶಂಕರಿ ಕಡೆಯ ಮದುವೆಗಳಲ್ಲಿ ಅವನ ಅಡಿಗೆಗೆ ಉಪ್ಪು ಹೆಚ್ಚಾಯಿತು ಅಂದವರನ್ನು ಯಾರೂ ಕಂಡಿಲ್ಲ. ಯಡಿಯೂರು ಕೆರೆಯ ಹಿಂದಿನ ಬೀದಿಯಲ್ಲಿ ಅವನ ಮನೆ. ಕೈಗುಣ ಒಳ್ಳೆಯದು. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಇಂಥವನಿಗೆ 1984ರಲ್ಲಿ ಸಿಂಗಪುರದ ಯೋಗ ಕೂಡಿಬಂತು. ನಾಲ್ಕನೇ ಬ್ಲಾಕಿನಲ್ಲಿ ಪ್ರವಾಸದ ಆಫೀಸು ಇಟ್ಟಿದ್ದ ರಾಮಪ್ರಸಾದ ಪೆನ್ಷನ್ ಬಂದ ದಂಪತಿಗಳ ಒಂದು ಗುಂಪು ಕಟ್ಟಿದ್ದ. ಅವರಿಗೆಲ್ಲ ಸಮುದ್ರದಾಚೆಯ ಊರು ನೋಡುವ ಆಸೆ ಇತ್ತು, ಆದರೆ ಸಾರು ಅನ್ನ ಬಿಟ್ಟು ಇರುವ ಧೈರ್ಯ ಇರಲಿಲ್ಲ.

"ಬದರಿ, ನೀವು ಬಂದ್ರೇನೇ ಈ ಜನ ಹೊರಡೋದು," ಅಂದ ರಾಮಪ್ರಸಾದ. "ಅಡಿಗೆ ಮಾಡಿ, ಊರೂ ನೋಡಿ. ಕೊನೇ ದಿನ ಸಾಯಂಕಾಲ ಸಮುದ್ರ ತೋರಿಸೋಕೆ ನಾನೇ ಕರ್ಕೊಂಡು ಹೋಗ್ತೀನಿ."

ಹೆಂಡತಿ ಅಲಮೇಲು ಹೆಚ್ಚೇನೂ ಕೇಳಲಿಲ್ಲ. "ಮಡಿಸಿದ್ರೆ ಚೀಲದೊಳಗೆ ಹೋಗತ್ತಂತಲ್ಲ, ಅಂಥದ್ದೊಂದು ಕೊಡೆ ತನ್ನಿ, ಸಾಕು," ಅಂದಳು.

ಸಿಂಗಪುರದಲ್ಲಿ ಅವರು ಇಳಿದುಕೊಂಡದ್ದು ಸೆರಂಗೂನ್ ರಸ್ತೆಯ ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ. ಅಡಿಗೆಮನೆಯ ಒಂದು ಮೂಲೆಯನ್ನು ಬದರಿನಾಥನಿಗೆ ಬಿಟ್ಟುಕೊಟ್ಟಿದ್ದರು. ಯಾತ್ರಿಕರು ಬೆಳಿಗ್ಗೆ ಉಪ್ಪಿಟ್ಟು ತಿಂದು ಬಸ್ಸು ಹತ್ತುತ್ತಿದ್ದರು. ಹಕ್ಕಿಗಳ ತೋಟ, ತಂತಿಯ ಮೇಲೆ ತೇಲುವ ಡಬ್ಬಿ, ಬಾಯಿಂದ ನೀರು ಉಗುಳುವ ಸಿಂಹ, ಎಲ್ಲ ನೋಡಿಕೊಂಡು ಟೇಪ್ ರೆಕಾರ್ಡರು, ನೈಲಾನ್ ಸೀರೆ ಹೊತ್ತು ಮಧ್ಯಾಹ್ನ ಬಂದು ಎಲೆ ಮುಂದೆ ಕೂರುತ್ತಿದ್ದರು. ಬದರಿನಾಥ ಕಂಡ ಸಿಂಗಪುರವೆಂದರೆ ಅಡಿಗೆಮನೆಯ ಕಿಟಕಿಯಾಚೆಯ ಓಣಿ, ಅಲ್ಲಿ ಮಲಗಿದ್ದ ಒಂದು ಬಾಲವಿಲ್ಲದ ಬೆಕ್ಕು.

ಅವನಿಗೆ ಊರು ತೋರಿಸಿದವನು ಲಿಮ್. ಆ ಹೋಟೆಲಿನ ಚೀನೀ ಅಡಿಗೆಯವನು, ಅರವತ್ತರ ಆಸುಪಾಸಿನ ಮುದುಕ. ಇಬ್ಬರಿಗೂ ಬರುತ್ತಿದ್ದ ಭಾಷೆ ಒಂದೂ ಇರಲಿಲ್ಲ. ಪಾತ್ರೆ ತೊಳೆಯುತ್ತಿದ್ದ ಮುನಿಯಾಂಡಿ ಎಂಬ ತಮಿಳಿನವನು ಇಬ್ಬರ ಮಾತನ್ನೂ ಆಚೆಯಿಂದೀಚೆಗೆ ದಾಟಿಸುತ್ತಿದ್ದ, ಅಯ್ಯಂಗಾರನಾದ ಬದರಿನಾಥನಿಗೆ ತಮಿಳು ಮನೆಮಾತೇ ತಾನೆ. ಮೊದಲ ದಿನ ಪುಳಿಯೋಗರೆ ಗೊಜ್ಜು ಕುದಿಯುತ್ತಿದ್ದಾಗ ಲಿಮ್ ಮೂಗು ಅರಳಿಸಿಕೊಂಡು ಬಂದು ಬಟ್ಟಲು ಒಡ್ಡಿದ. ಬದರಿನಾಥ ಸೌಟು ಎತ್ತರಕ್ಕೆ ಹಿಡಿದು, ಎಲ್ಲೂ ತಾಗದ ಹಾಗೆ ಮೇಲಿನಿಂದ ಹಾಕಿದ. ಲಿಮ್‌ಗೆ ಅದು ತಿಳಿಯಲಿಲ್ಲವೋ, ತಿಳಿದೂ ಸುಮ್ಮನಾದನೋ, ಕಣ್ಣು ಮುಚ್ಚಿಕೊಂಡು ತಿಂದ.

"ಸಾಮಿ, ಇದಕ್ಕೆ ಏನೇನು ಹಾಕಿದೀರಿ ಅಂತ ಹೇಳಬೇಡಿ ಅಂತಾನೆ," ಎಂದು ಮುನಿಯಾಂಡಿ ನಕ್ಕ. "ತಿಂದು ತಿಂದು ತಾನೇ ಕಂಡುಹಿಡೀತಾನಂತೆ."

ಅಲ್ಲಿಂದ ದಿನವೂ ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಮಾರ್ಕೆಟ್ಟಿಗೆ ಹೋಗತೊಡಗಿದರು. ಒಂದು ಅಂಗಡಿಯಲ್ಲಿ ತಮಿಳರ ಕರಿಬೇವು, ಪಕ್ಕದಲ್ಲಿ ಮಲಯ ಹೆಂಗಸಿನ ಬಾಳೆಲೆ, ಅದರ ಪಕ್ಕದಲ್ಲಿ ಚೀನೀಯರ ತೋಫು, ಆಚೆ ಸಾಲಿನಲ್ಲಿ ಚರ್ಮ ಹೊಳೆಯುವ ಬಾತುಕೋಳಿಗಳನ್ನು ಕೊಕ್ಕೆಗೆ ತೂಗುಹಾಕಿದ ಅಂಗಡಿ. ಆ ಸಾಲು ಬಂದಾಗ ಬದರಿನಾಥ ಪಂಚೆಯ ಚುಂಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದ. ಅದನ್ನು ನೋಡಿದ ಲಿಮ್ ಮಾರನೆಯ ದಿನದಿಂದ ಬೇರೆ ದಾರಿಯಲ್ಲಿ ಕರೆದುಕೊಂಡು ಹೋದ. ಪೆರುಮಾಳ್ ದೇವಸ್ಥಾನ ಸಿಕ್ಕಾಗ ಚಪ್ಪಲಿ ಬಿಟ್ಟು ಅವನೂ ಒಳಗೆ ಬಂದು ಕೈಮುಗಿದ. ಅವನ ದೇವಸ್ಥಾನ ಸಿಕ್ಕಾಗ ಬದರಿನಾಥ ತರಕಾರಿ ಚೀಲ ಹಿಡಿದು ಹೊರಗೇ ನಿಂತ. ಅಲಮೇಲುವಿನ ಕೊಡೆಗೆ ಅಂಗಡಿಯವನ ಜೊತೆ ಜಗಳವಾಡಿ ಬೆಲೆ ಇಳಿಸಿದವನೂ ಲಿಮ್ಮೇ.

ಕೊನೆಯ ಸಾಯಂಕಾಲ ಬಂತು. ಯಾತ್ರಿಕರಿಗೆ ಸಮುದ್ರದ ದಡದಲ್ಲಿ ತಿನ್ನಲು ಪುಳಿಯೋಗರೆ, ಮೊಸರನ್ನ ಕಟ್ಟಿಕೊಟ್ಟು, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಷರಟು ತೊಟ್ಟು ಬದರಿನಾಥ ಬಾಗಿಲಿಗೆ ಬರುವ ಹೊತ್ತಿಗೆ ಬಸ್ಸು ಹೊರಟೇ ಹೋಗಿತ್ತು. ರಾಮಪ್ರಸಾದ ಮರೆತಿದ್ದ. ಮುನಿಯಾಂಡಿಗೆ ಅವತ್ತು ರಜೆ. ತನಗೆಂದು ಒಂದು ತುತ್ತನ್ನೂ ಇಟ್ಟುಕೊಂಡಿರಲಿಲ್ಲ. ಸಿಟ್ಟು, ಹಸಿವು, ಅವಮಾನ, ಮೂರೂ ಒಟ್ಟಿಗೆ ಸೇರಿ ಅವನು ಹಿತ್ತಲ ಓಣಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

ಲಿಮ್ ಒಳಗಿನಿಂದ ನೋಡಿದ. ಸ್ವಲ್ಪ ಹೊತ್ತಿಗೆ ಓಣಿಯಲ್ಲೇ ಒಂದು ಮೇಜು ಹಾಕಿ, ಎರಡು ಸ್ಟೂಲು ತಂದಿಟ್ಟ. ಬಾಳೆಲೆಯನ್ನು ಎಲ್ಲಿಂದ ತಂದನೋ, ತೊಳೆದು ಹಾಸಿದ. ಎಲೆಯ ತುದಿ ಎಡಕ್ಕೆ ಬರಬೇಕೆಂಬುದನ್ನೂ ನೋಡಿ ಕಲಿತಿದ್ದ. ಅನ್ನ ಬಡಿಸಿ, ಅದರ ಪಕ್ಕಕ್ಕೆ ಬಾಣಲೆಯಿಂದ ಕಂದು ಬಣ್ಣದ ಹೋಳುಗಳನ್ನು ಹಾಕಿದ, ಸೌಟನ್ನು ಎತ್ತರಕ್ಕೆ ಹಿಡಿದು, ಎಲೆಗೆ ತಾಗದ ಹಾಗೆ.

ಬದರಿನಾಥ ಬಗ್ಗಿ ನೋಡಿದ. ಹೋಳುಗಳ ಒಳಗೆ ಎಳೆ ಎಳೆಯಾದ ತಿರುಳು, ಮೇಲೆ ಹೊಳೆಯುವ ಚರ್ಮ. ಮಾರ್ಕೆಟ್ಟಿನಲ್ಲಿ ಕೊಕ್ಕೆಗೆ ತೂಗುತ್ತಿದ್ದ ಬಾತುಕೋಳಿ ಕಣ್ಣಮುಂದೆ ಬಂತು. ಹಬೆಯಲ್ಲಿ ಏನಿದೆ ಎಂದು ಉಸಿರೆಳೆದು ನೋಡುವ ವ್ಯವಧಾನ ಯಾರಿಗಿತ್ತು? ಮೂಗನ್ನೇ ನಂಬಿ ಬದುಕಿದವನು ಅವತ್ತು ಅದನ್ನು ಮುಚ್ಚಿಕೊಂಡುಬಿಟ್ಟ.

"ಥೂ! ಜಾತಿ ಕೆಡಿಸೋಕೆ ನಾನೇ ಸಿಕ್ಕಿದ್ನೇನೋ ನಿನಗೆ?" ಎಂದು ಕನ್ನಡದಲ್ಲೇ ಕೂಗಿ, ಎಲೆಯನ್ನು ಹಾಗೇ ಮುದ್ದೆ ಮಾಡಿ ಮುಸುರೆ ಬಕೆಟ್ಟಿಗೆ ಎಸೆದ. ಲಿಮ್ ಗಾಬರಿಯಾಗಿ ಏನೋ ಹೇಳಿದ. ತಲೆ ಅಲ್ಲಾಡಿಸಿದ. ಆಮೇಲೆ ಕೈಯೆತ್ತಿ ಆಕಾಶ ತೋರಿಸಿದ, ಮತ್ತೆ ಮತ್ತೆ ತೋರಿಸಿದ. ಬದರಿನಾಥ ಮೇಲೆ ನೋಡಲಿಲ್ಲ. ಒಳಗೆ ಹೋಗಿ ತಲೆಗೆ ನೀರು ಸುರಿದುಕೊಂಡ.

ಬೆಳಿಗ್ಗೆ ಎದ್ದು ನೋಡಿದರೆ ಅವನ ಪಾತ್ರೆಗಳೆಲ್ಲ ಥಳಥಳ ತೊಳೆದು, ಹಗ್ಗ ಕಟ್ಟಿ ಪ್ರಯಾಣಕ್ಕೆ ಸಿದ್ಧವಾಗಿದ್ದವು. ಲಿಮ್ ಪಕ್ಕದಲ್ಲಿ ನಿಂತಿದ್ದ. ಬದರಿನಾಥ ಹಗ್ಗ ಬಿಚ್ಚಿ, ಲಿಮ್‌ನ ಎದುರಿಗೇ ಒಂದೊಂದು ಪಾತ್ರೆಗೂ ಹುಣಿಸೆಹಣ್ಣು ಹಚ್ಚಿ ಮತ್ತೆ ತಿಕ್ಕಿದ. ಮುನಿಯಾಂಡಿ ಕೆಲಸಕ್ಕೆ ಬರುವ ಮೊದಲೇ ಬಸ್ಸು ಹೊರಟಿತು.

ಊರಿಗೆ ಬಂದ ಮೇಲೆ ಇದೇ ಅವನ ದೊಡ್ಡ ಕಥೆಯಾಯಿತು. ಛತ್ರದ ಒಲೆಯ ಮುಂದೆ ಕುಳಿತು, ಚೀನಾದವನು ಬಾತುಕೋಳಿ ಬಡಿಸಿದ್ದು, ತಾನು ಎಲೆ ಎಸೆದದ್ದು, ಅವನು ಮೇಲೆ ಕೈ ತೋರಿಸಿ ದೇವರಾಣೆ ಹಾಕಿದ್ದು ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಿದ್ದ. ಸಹಾಯಕರು ಬಿದ್ದು ಬಿದ್ದು ನಗುತ್ತಿದ್ದರು. ಬಾಯಿಂದ ಬಾಯಿಗೆ ಬೆಳೆದು ಒಂದು ಹೋಳು ಇಡೀ ಬಾತುಕೋಳಿಯಾಗಿತ್ತು.

ಮೂರು ವರ್ಷದ ಮೇಲೆ ಜಯನಗರದ ಒಂದು ಷಷ್ಟ್ಯಬ್ದಿಯಲ್ಲಿ, ಟೀಚರಾಗಿ ನಿವೃತ್ತರಾಗಿದ್ದ ಕಾತ್ಯಾಯಿನಿ ಅವನನ್ನು ಹುಡುಕಿಕೊಂಡು ಅಡಿಗೆಮನೆಗೆ ಬಂದರು. ಅವರೂ ಆ ಪ್ರವಾಸಕ್ಕೆ ಬಂದಿದ್ದವರೇ. ಈಗ ಮಗಳ ಜೊತೆ ಮತ್ತೆ ಹೋಗಿ ಅದೇ ಹೋಟೆಲಿನಲ್ಲಿ ಇಳಿದಿದ್ದರಂತೆ.

"ಅಯ್ಯಂಗಾರ್ರೇ, ಲಿಮ್ ನಿಮ್ಮನ್ನ ಕೇಳಿದ್ರು. ನಮಗೆ ಹುಣ್ಣಿಮೆ ದಿವಸ ಊಟ ಹಾಕಿದ್ರು ನೋಡಿ, ಅಬ್ಬಾ! ಹುಣ್ಣಿಮೆ, ಅಮಾವಾಸ್ಯೆ ಅವರು ಮಾಂಸ ಮುಟ್ಟಲ್ಲವಂತೆ, ಬುದ್ಧನ ವ್ರತ. ಈರುಳ್ಳಿ ಬೆಳ್ಳುಳ್ಳಿನೂ ಇಲ್ಲ. ಗೋಧಿ ಹಿಟ್ಟು ತೊಳೆದು ತೊಳೆದು ಉಳಿಯೋ ಅಂಟಿನಲ್ಲಿ ಬಾತುಕೋಳಿ ಥರಾನೇ ಮಾಡ್ತಾರೆ. ಮೇಲಿನ ಚರ್ಮ ಇದೆಯಲ್ಲ, ಅದು ಸೋಯಾ ಹಾಲಿನ ಕೆನೆ ಅಂತೆ ರೀ!"

ಬದರಿನಾಥನ ಕೈಯಲ್ಲಿದ್ದ ಸೌಟು ಪಾತ್ರೆಯಲ್ಲೇ ನಿಂತಿತು. ಹಲ್ವಕ್ಕೆ ಗೋಧಿ ಹಾಲು ತೆಗೆದಮೇಲೆ ಅವನೇ ಎಷ್ಟೋ ಸಲ ಚೆಲ್ಲಿದ ಅಂಟು ಅದು.

"ಅವತ್ತು... ನಾವು ಹೊರಡೋ ಹಿಂದಿನ ದಿವಸ, ಹುಣ್ಣಿಮೆನಾ ಅಮ್ಮಾ?"

"ಹೌದಲ್ಲ, ಸಮುದ್ರದ ಮೇಲೆ ಚಂದ್ರ ಎಷ್ಟು ಚೆನ್ನಾಗಿದ್ದ! ನೀವು ಬಂದಿರಲಿಲ್ಲ ಅಲ್ವಾ?" ಎಂದು ಅವರು ಸೆರಗು ಸರಿಮಾಡಿಕೊಂಡರು. "ಮರೆತೇಬಿಟ್ಟಿದ್ದೆ. ನಿಮ್ಮನ್ನೊಂದು ಮಾತು ಕೇಳೋಕೆ ಹೇಳಿದಾರೆ, ಮುನಿಯಾಂಡಿ ಹತ್ರ ಹೇಳಿಸಿದ್ರು. ಅವತ್ತಿನ ಅಡಿಗೆಗೆ ಉಪ್ಪು ಜಾಸ್ತಿ ಆಗಿತ್ತಾ ಅಂತ. ಮೂರು ವರ್ಷದಿಂದ ಅದೇ ಯೋಚನೆಯಂತೆ ಪಾಪ, ವಾಸನೆಯಲ್ಲೇ ಉಪ್ಪು ಹೇಳೋ ಅಷ್ಟು ದೊಡ್ಡ ಅಡಿಗೆಯವರು ಬಗ್ಗಿ ನೋಡಿ ಎಲೆ ಬಿಟ್ಟು ಎದ್ರಲ್ಲ ಅಂತ."

ಬೈದರೆ ತಡೆದುಕೊಳ್ಳಬಹುದಿತ್ತು. ಲಿಮ್ ಬೈದಿರಲಿಲ್ಲ. ತಪ್ಪು ತನ್ನ ಅಡಿಗೆಯದ್ದೇ ಇರಬೇಕೆಂದುಕೊಂಡಿದ್ದ. ಒಬ್ಬ ಅಡಿಗೆಯವನಿಗೆ ಅದಕ್ಕಿಂತ ದೊಡ್ಡ ಸಂಕಟ ಇಲ್ಲವೆಂದು ಬದರಿನಾಥನಿಗೆ ಗೊತ್ತಿತ್ತು. ಅವತ್ತು ಒಲೆಯ ಹೊಗೆಯ ನೆಪದಲ್ಲಿ ಅವನು ತುಂಬ ಸಲ ಕಣ್ಣೊರೆಸಿಕೊಂಡ. ಸಹಾಯಕನೊಬ್ಬ, "ಸ್ವಾಮಿ, ಚೀನಾದವನ ಕಥೆ ಹೇಳಿ," ಅಂದಾಗ, "ಆ ಕಥೆ ಸುಳ್ಳು ಕಣೋ," ಅಂದುಬಿಟ್ಟ.

ರಾಮಪ್ರಸಾದನ ಮುಂದಿನ ಪ್ರವಾಸಕ್ಕೆ ಅಡಿಗೆಯವರು ಬೇಕಾಗಿರಲಿಲ್ಲ, ಅಲ್ಲೇ ಊಟ ಸಿಗುತ್ತಿತ್ತು. ಬದರಿನಾಥ ಮನೆಯಲ್ಲೇ ಪುಳಿಯೋಗರೆ ಗೊಜ್ಜು ಕಾಯಿಸಿ, ಡಬ್ಬಕ್ಕೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಅವನ ಕೈಗೆ ಕೊಟ್ಟ. "ಸಾರ್, ಇದನ್ನ ಲಿಮ್ ಅವರಿಗೆ ತಲುಪಿಸಿ. ಉಪ್ಪು ಹದವಾಗಿತ್ತು ಅಂತ ಹೇಳಿ. ಮರೀಬೇಡಿ, ಕೈ ಮುಗೀತೀನಿ."

ಈ ಸಲ ರಾಮಪ್ರಸಾದ ಮರೆಯಲಿಲ್ಲ. ಹೋಗಿ ಹುಡುಕಿದ. ಆ ಹೋಟೆಲನ್ನು ಕೆಡವಿ ಆಗಿತ್ತು. ಮುನಿಯಾಂಡಿಯಾಗಲಿ ಲಿಮ್ ಆಗಲಿ ಎಲ್ಲಿಗೆ ಹೋದರೆಂದು ಅಕ್ಕಪಕ್ಕದವರಿಗೂ ತಿಳಿದಿರಲಿಲ್ಲ. ಡಬ್ಬ ಕಟ್ಟಿದ ಬಟ್ಟೆ ಬಿಚ್ಚದೆ ಯಡಿಯೂರಿಗೆ ವಾಪಸು ಬಂತು.

ಅಲಮೇಲು ಆಗಷ್ಟೇ ಅಂಗಡಿಯಿಂದ ಬಂದು ಸಿಂಗಪುರದ ಕೊಡೆಯನ್ನು ಮಡಿಸುತ್ತಿದ್ದಳು. ಗಂಡ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕುಳಿತಿದ್ದು ಕಂಡು ಹತ್ತಿರ ಬಂದಳು.

"ಏನಂತ ಹೇಳಿ ಕಳ್ಸಿದ್ರಿ ಅವರಿಗೆ?"

"ಉಪ್ಪು ಹದವಾಗಿತ್ತು ಅಂತ."

"ಹದವಾಗಿತ್ತಾ?"

"ನನಗೇನೇ ಗೊತ್ತು, ಅಲಮೇಲು?" ಅಂದ ಬದರಿನಾಥ. "ನಾನು ತಿನ್ನಲೇ ಇಲ್ವಲ್ಲ."