ಬಾರದವರ ಪಾಲು

ಕೇಕಿನ ಡಬ್ಬಿ ತೆರೆದಾಗ ಮೊದಲು ಮೂಗಿಗೆ ಬರುವುದು ಕೇಕಿನ ಪರಿಮಳವಲ್ಲ, ರಟ್ಟಿನದ್ದು. ಫ್ರಿಜ್ಜಿನಲ್ಲಿ ತಣ್ಣಗಾದ ರಟ್ಟು, ಅದರ ಹಿಂದೆ ಸ್ವಲ್ಪ ಬೆಣ್ಣೆ, ಇನ್ನೂ ಹಿಂದೆ ಎಲ್ಲೋ ವೆನಿಲ್ಲಾ. ಕಳೆದ ಶುಕ್ರವಾರ ನನ್ನ ಈಗಿನ ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬಳ ಹುಟ್ಟುಹಬ್ಬಕ್ಕೆ ತರಿಸಿದ ಪಿಸ್ತಾ ಕೇಕಿನ ಮುಚ್ಚಳ ಎತ್ತಿದಾಗ ಅದೇ ವಾಸನೆ ಬಂತು. ಬೇಕರಿಯವರು ಕೊಟ್ಟ ಪ್ಲಾಸ್ಟಿಕ್ ಚಾಕು ಕೈಯಲ್ಲಿತ್ತು. ಅದನ್ನು ಪಕ್ಕಕ್ಕಿಟ್ಟು ಬ್ಯಾಗಿನ ಒಳಜೇಬಿನಲ್ಲಿ ತಡಕಾಡಿದೆ. ಸಣ್ಣ ಸುರುಳಿಯೊಂದು ಬೆರಳಿಗೆ ತಾಗಿತು. ಹಸಿರು ನೈಲಾನ್ ನೂಲು, ಮೀನಿನ ಬಲೆ ಹೆಣೆಯುವಂಥದ್ದು…

ಆ ನೂಲಿನಲ್ಲಿ ಕೇಕ್ ಕೊಯ್ಯುತ್ತಿದ್ದವರು ನನ್ನ ಹಳೆಯ ಆಫೀಸಿನ ಅಟೆಂಡರ್. ವಯಸ್ಸಿನಲ್ಲಿ ನನ್ನ ಅಪ್ಪನಿಗಿಂತ ದೊಡ್ಡವರು. ಆದರೂ ಮ್ಯಾನೇಜರಿನಿಂದ ಹಿಡಿದು ವಾಚ್‌ಮನ್‌ವರೆಗೆ ಎಲ್ಲರಿಗೂ ಅವರು ಅಣ್ಣ.

ಮೊದಲೇ ಹೇಳಿಬಿಡುತ್ತೇನೆ, ನಾನು ಸುಲಭಕ್ಕೆ ಬೆರಗಾಗುವವಳಲ್ಲ. ಕಾಲೇಜಿನ ಐದು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಕಳೆದಿದ್ದೇನೆ. ಒಂದೇ ವಿಷಯದ ಮೇಲೆ ಬೆಳಿಗ್ಗೆ ಪರವಾಗಿ, ಮಧ್ಯಾಹ್ನ ವಿರೋಧವಾಗಿ ಮಾತಾಡಿ ಎರಡು ಕಡೆಯಿಂದಲೂ ಬಹುಮಾನ ತಂದಿದ್ದೇನೆ. ಯಾರಾದರೂ ಯಾರನ್ನಾದರೂ 'ದೇವರಂಥ ಮನುಷ್ಯ' ಎಂದರೆ ನನ್ನ ಮೊದಲ ಪ್ರಶ್ನೆ, 'ಆಧಾರ ಏನು?' ಇಂಥವಳಿಗೆ ಸಿಕ್ಕಿದ ಕೆಲಸವೂ ಅಂಥದ್ದೇ. ಫಳ್ನೀರಿನಲ್ಲಿ, ಆಸ್ಪತ್ರೆಗಳ ನಡುವೆ, ಎರಡನೇ ಮಹಡಿಯ ಒಂದು ವಿಮಾ ಆಫೀಸು. ರೋಗಿಗಳು ಕೊಟ್ಟ ಕ್ಲೇಮ್ ಫೈಲುಗಳಲ್ಲಿ ಯಾವ ಕಾಗದ ಇಲ್ಲ, ಯಾವ ಸಹಿ ತಾಳೆಯಾಗುವುದಿಲ್ಲ ಎಂದು ಹುಡುಕುವುದು ನನ್ನ ಕೆಲಸ. ನಾನು ಚೆನ್ನಾಗಿಯೇ ಹುಡುಕುತ್ತಿದ್ದೆ.

ಆ ಆಫೀಸಿಗೆ ಕೇಕಿನ ಹುಚ್ಚು. ಹುಟ್ಟುಹಬ್ಬ, ಬಡ್ತಿ, ಮಗುವಿನ ನಾಮಕರಣ, ಕಾರಣ ಯಾವುದಾದರೂ ಕೇಕ್ ಬರಬೇಕು. ಅದೂ ಸಾದಾ ಕೇಕ್ ಅಲ್ಲ. ಬಿಜೈಯ ಒಂದು ಬೇಕರಿಗೆ ಎರಡು ದಿನ ಮೊದಲೇ ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಮಾಡಿಸಿದ್ದು. ರಸಮಲಾಯಿ ಕೇಕ್, ಗುಲಾಬಿ ದಳ ಉದುರಿಸಿದ ಕೇಕ್, ಕನ್ನಡಿಯ ಹಾಗೆ ಹೊಳೆಯುವ ಚಾಕಲೇಟ್ ಕೇಕ್. ಬಾಗಿದರೆ ಅದರಲ್ಲಿ ನಮ್ಮ ಮುಖ ಕಾಣುತ್ತಿತ್ತು. ಬೆಳಿಗ್ಗೆಯಿಂದ ಎ.ಸಿ.ಯ ರಿಮೋಟಿಗಾಗಿ ಜಗಳವಾಡಿದವರು ನಾಲ್ಕು ಗಂಟೆಗೆ ಚಪ್ಪಾಳೆ ತಟ್ಟಿ ಹಾಡುತ್ತಿದ್ದರು. ಇದು ಶುದ್ಧ ಬೂಟಾಟಿಕೆ ಎಂದು ನಾನು ಬಾಯಿಬಿಟ್ಟು ಹೇಳಿದ್ದೆ. ಹೇಳಿ, ನನ್ನ ಪಾಲಿನ ತುಂಡನ್ನೂ ತಿಂದಿದ್ದೆ.

ಹಾಡು ಮುಗಿದ ಮೇಲೆ ಅಣ್ಣ ಬರುತ್ತಿದ್ದರು. ಬೆಂಗ್ರೆಯವರು; ದಿನಾ ದೋಣಿಯಲ್ಲಿ ಹೊಳೆ ದಾಟಿ ಕೆಲಸಕ್ಕೆ ಬರುವವರು. ಮೀನಿನ ಬೋಟಿನಲ್ಲಿ ದುಡಿದು ದುಡಿದು ಮೊಣಕಾಲು ಹಾಳಾದ ಮೇಲೆ ಈ ಕೆಲಸ ಹಿಡಿದಿದ್ದರು. ಕೇಕಿನ ಮುಂದೆ ನಿಂತು ಅದನ್ನು ಒಂದು ನಿಮಿಷ ಸುಮ್ಮನೆ ನೋಡುತ್ತಿದ್ದರು. ಆಮೇಲೆ ಪ್ಯಾಂಟಿನ ಕಿಸೆಯಿಂದ ನೂಲು ತೆಗೆದು, ಬಿಸಿನೀರಲ್ಲಿ ಅದ್ದಿ, ಎರಡು ತೋರುಬೆರಳುಗಳ ನಡುವೆ ಬಿಗಿ ಹಿಡಿದು, ಕ್ರೀಮಿನ ಮೇಲೆ ಬರೀ ಗುರುತು ಬೀಳುವಷ್ಟು ತಾಗಿಸುತ್ತಿದ್ದರು. ಸುತ್ತಲೂ ಗುರುತಾದ ಮೇಲೆ ಒಂದೊಂದೇ ಗೆರೆಯ ಮೇಲೆ ನೂಲಿಟ್ಟು ಒತ್ತಿ, ಅಡಿಯಿಂದ ಎಳೆದುಬಿಡುವುದು. ಚಾಕುವಿಗೆ ಅಂಟುವ ಕ್ರೀಮು ನೂಲಿಗೆ ಅಂಟುವುದಿಲ್ಲ. ಐದು ನಿಮಿಷ, ಇಪ್ಪತ್ತನಾಲ್ಕು ತುಂಡು.

"ಅಣ್ಣ ಕೊಯ್ದರೆ ಒಂದು ಗ್ರಾಂ ಆಚೀಚೆ ಆಗ್ಲಿಕ್ಕಿಲ್ಲ," ಎಂದು ಪಕ್ಕದ ಮೇಜಿನವಳು ಒಮ್ಮೆ ಹೇಳಿದಳು. ನನಗೆ ಅಷ್ಟು ಸಾಕಿತ್ತು. ಟಪಾಲು ಮೇಜಿನ ಮೇಲೆ ಲಕೋಟೆ ತೂಗುವ ಪುಟ್ಟ ಯಂತ್ರವಿತ್ತು. ಅದನ್ನು ತಂದು ಬೆಣ್ಣೆಕಾಗದ ಹಾಸಿ, ಎಲ್ಲರ ಎದುರಿಗೇ ತೂಗಲು ಶುರುಮಾಡಿದೆ. ಬೇರೆ ಬೇರೆ ಕಡೆಯಿಂದ ಎತ್ತಿದ ಐದು ತುಂಡು. ಒಂದಕ್ಕೂ ಇನ್ನೊಂದಕ್ಕೂ ಇದ್ದ ಗರಿಷ್ಠ ವ್ಯತ್ಯಾಸ ಎರಡು ಗ್ರಾಂ.

ಅಣ್ಣ ಕೈಕಟ್ಟಿಕೊಂಡು ನೋಡುತ್ತಿದ್ದರು. "ಪಾಸಾ, ವಕೀಲ್ರೇ?"

"ಪಾಸ್," ಅಂದೆ.

"ಫಸ್ಟ್ ಕ್ಲಾಸಾ?"

ಎಲ್ಲರೂ ನಕ್ಕರು. ಅಂದಿನಿಂದ ನಾನು ವಕೀಲ್ರು. ಆದರೆ ಸೋತ ವಾದದಿಂದ ಸುಮ್ಮನೆ ಎದ್ದುಹೋಗುವ ಅಭ್ಯಾಸ ನನಗಿಲ್ಲ. ತುಂಡುಗಳನ್ನು ಎಣಿಸಿದೆ. ಮೇಜಿನವರು ನಾವು ಹತ್ತೊಂಬತ್ತು. ಅಣ್ಣ ಒಬ್ಬರು, ಕ್ಲೀನಿಂಗಿನ ಅಕ್ಕಂದಿರು ಇಬ್ಬರು, ಕೆಳಗೆ ವಾಚ್‌ಮನ್. ಇಪ್ಪತ್ತಮೂರು.

"ಒಂದು ಜಾಸ್ತಿ ಉಂಟಲ್ಲ ಅಣ್ಣ. ಇದು ಯಾರದ್ದು?"

"ಅದು ಬಾರದವರದ್ದು."

ತಮ್ಮ ಅಪ್ಪನ ಕಾಲದ ರಂಪಣಿಯ ಬಗ್ಗೆ ಆಗ ಹೇಳಿದರು. ಕಡಲಿಗೆ ಬಿಟ್ಟ ದೊಡ್ಡ ಬಲೆಯನ್ನು ಹತ್ತಾರು ಜನ ದಡದಲ್ಲಿ ನಿಂತು ಎಳೆಯುವುದು, ಸಿಕ್ಕಿದ ಮೀನನ್ನು ಮರಳಿನ ಮೇಲೆ ರಾಶಿ ಹಾಕಿ ಪಾಲು ಮಾಡುವುದು. ತಕ್ಕಡಿ ಇಲ್ಲ, ಕಣ್ಣಳತೆ ಮಾತ್ರ. ಅವರ ಗುಂಪಿನಲ್ಲಿ ಎರಡು ಕಟ್ಟಳೆ. ಪಾಲು ಮಾಡಿದವ ಎಲ್ಲರೂ ಆರಿಸಿದ ಮೇಲೆ ಕೊನೆಗೆ ಉಳಿದದ್ದನ್ನು ತೆಗೆದುಕೊಳ್ಳಬೇಕು. ಮತ್ತೆ, ಅಂದು ಬರಲಾಗದವನಿಗೆ ಒಂದು ರಾಶಿ ಇಡಬೇಕು.

"ಬಲೆ ಎಳೆಯದವನಿಗೆ ಎಂತಕ್ಕೆ ಮೀನು? ಅದು ನ್ಯಾಯ ಹೇಗೆ ಆಗ್ತದೆ?" ನನ್ನ ಪ್ರಶ್ನೆ ತಯಾರಿತ್ತು.

"ಬಾರದವನ ಮನೆಯಲ್ಲಿಯೂ ಒಲೆ ಉಂಟಲ್ಲ ಮಾರಾಯ್ತಿ," ಅಂದರು. ಅಷ್ಟು ಹೇಳಿ ಹೋಗಿ ಲೋಟ ತೊಳೆಯತೊಡಗಿದರು. ಪ್ರತಿವಾದಕ್ಕೆ ನನಗೆ ಸಮಯವನ್ನೇ ಕೊಡಲಿಲ್ಲ.

ಆ ಸಂಜೆ, ಹೆಂಡತಿಯನ್ನು ಎದುರಿನ ಆಸ್ಪತ್ರೆಯಲ್ಲಿ ಮಲಗಿಸಿ ಬಂದ ಒಬ್ಬ ಮುದುಕರು ಬೆಂಚಿನಲ್ಲಿ ಕೂತಿದ್ದರು. ಒಂದು ಕಾಗದ ಕಡಿಮೆ ಇದೆ ಎಂದು ಅವರ ಫೈಲನ್ನು ನಾನೇ ವಾಪಸು ಕೊಟ್ಟಿದ್ದೆ. ಅಣ್ಣ ಆ ಇಪ್ಪತ್ತನಾಲ್ಕನೆಯ ತುಂಡನ್ನು ಅವರ ಕೈಗಿಟ್ಟರು. ಅವರು ಅದನ್ನು ಪೂರ್ತಿ ತಿನ್ನಲಿಲ್ಲ. ಅರ್ಧವನ್ನು ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡರು…

ಆದರೂ ನನ್ನ ತಲೆಯೊಳಗಿನ ತರ್ಕ ಸುಮ್ಮನಿರಲಿಲ್ಲ. ಪಾಲು ಒಬ್ಬರ ಕೈಯಲ್ಲಿ ಇರಬಾರದು, ಅವರು ಎಷ್ಟೇ ಒಳ್ಳೆಯವರಾದರೂ. ಇವತ್ತು ಅಣ್ಣ ಇದ್ದಾರೆ, ನಾಳೆ ಇನ್ಯಾರೋ ಬರುತ್ತಾರೆ. ವ್ಯವಸ್ಥೆ ಮನುಷ್ಯನನ್ನು ನಂಬಿ ನಿಲ್ಲಬಾರದು. ಈಗಲೂ ಈ ವಾದದಲ್ಲಿ ನನಗೆ ತಪ್ಪು ಕಾಣುವುದಿಲ್ಲ. ತಪ್ಪು ಬೇರೆ ಕಡೆ ಇತ್ತು.

ಮರುವರ್ಷ ನನಗೆ ಬಡ್ತಿಯಾಯಿತು. ಈ ಸಲ ಕೊಯ್ಯುವ ಗೋಜೇ ಬೇಡ, ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಕೇಕ್, ಪ್ರತಿಯೊಂದರ ಮೇಲೂ ಹೆಸರು ಎಂದು ಊಟದ ಹೊತ್ತಿಗೆ ಘೋಷಿಸಿದೆ. ಸಮಾನತೆ ಎಂದರೆ ಇದು ಎಂದು ಎರಡು ನಿಮಿಷ ಭಾಷಣವನ್ನೂ ಮಾಡಿದೆ. ಚಹಾ ತಂದ ಅಣ್ಣ ನಿಂತು ಕೇಳಿದರು. "ಒಳ್ಳೆದಾಯ್ತು. ನನಗೆ ಒಂದು ಕೆಲಸ ಕಡಿಮೆ," ಅಂದರು.

ಬಿಜೈಯ ಬೇಕರಿಗೆ ಹೆಸರುಗಳನ್ನು ಕಳಿಸಬೇಕಿತ್ತು. ಕಂಪ್ಯೂಟರಿನಲ್ಲಿ ಹಾಜರಿ ಪಟ್ಟಿ ತೆರೆದೇ ಇತ್ತು. ಅದನ್ನೇ ನಕಲು ಮಾಡಿ ವಾಟ್ಸಾಪಿಗೆ ಅಂಟಿಸಿದೆ. ಅರ್ಧ ನಿಮಿಷದ ಕೆಲಸ.

ಅಂದು ಲಿಫ್ಟ್ ಕೆಟ್ಟಿತ್ತು. ಅಣ್ಣ ಆ ಮೊಣಕಾಲಿನಲ್ಲಿ ಎರಡು ಸಲ ಮೆಟ್ಟಿಲು ಹತ್ತಿ ಎರಡು ದೊಡ್ಡ ರಟ್ಟಿನ ಪೆಟ್ಟಿಗೆ ತಂದರು. ಒಳಗೆ ಪುಟ್ಟ ಪಾರದರ್ಶಕ ಡಬ್ಬಿಗಳು. ಪ್ರತಿಯೊಂದರಲ್ಲೂ ಅಂಗೈಯಗಲದ ದುಂಡನೆಯ ಚಾಕಲೇಟ್ ಕೇಕ್, ಮೇಲೆ ಬಂಗಾರದ ಬಣ್ಣದಲ್ಲಿ ಹೆಸರು. ಎಲ್ಲರೂ ಫೋನ್ ತೆಗೆದು ಫೋಟೋ ಹಿಡಿದರು. ಸುರುಳಿ ಸುರುಳಿ ಇಂಗ್ಲಿಷ್ ಅಕ್ಷರಗಳನ್ನು ಅಣ್ಣ ನಿಧಾನಕ್ಕೆ ಓದಿ, ಒಬ್ಬೊಬ್ಬರ ಮೇಜಿಗೂ ಹೋಗಿ ಕೊಟ್ಟರು. ಕ್ಲೀನಿಂಗಿನ ಅಕ್ಕಂದಿರಿಬ್ಬರು ಯಾವತ್ತಿನಂತೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದರು.

ಹತ್ತೊಂಬತ್ತನೆಯದು ಹಂಚಿಯಾಯಿತು. ಅಣ್ಣ ಪೆಟ್ಟಿಗೆಯೊಳಗಿನ ತೆಳು ಕಾಗದವನ್ನು ಎತ್ತಿ ಅಡಿಯಲ್ಲಿ ಒಮ್ಮೆ ನೋಡಿದರು. ಪೆಟ್ಟಿಗೆಯನ್ನು ಸ್ವಲ್ಪ ಓರೆ ಮಾಡಿ ಮತ್ತೆ ನೋಡಿದರು. ಆಮೇಲೆ ಕಾಗದವನ್ನು ಮೊದಲಿದ್ದ ಹಾಗೇ ಹಾಸಿ, ಮುಚ್ಚಳ ಹಾಕಿದರು.

ಅಣ್ಣ, ಅಕ್ಕಂದಿರು, ವಾಚ್‌ಮನ್, ಹೀಗೆ ಏಜೆನ್ಸಿಯ ಮೂಲಕ ಬಂದವರ ಹೆಸರು ಹಾಜರಿ ಪಟ್ಟಿಯಲ್ಲಿ ಇರುವುದಿಲ್ಲ. ನನಗದು ಗೊತ್ತಿರಲಿಲ್ಲ… ಅಲ್ಲ, ಸರಿಯಾಗಿ ಹೇಳಬೇಕು. ಗೊತ್ತಿತ್ತು, ಯೋಚಿಸಲಿಲ್ಲ. ಇಪ್ಪತ್ತಮೂರು ಎಂದು ಎಲ್ಲರೆದುರು ಬೆರಳು ಮಡಚಿ ಎಣಿಸಿದವಳು ನಾನೇ. ಹತ್ತೊಂಬತ್ತಕ್ಕೆ ಆರ್ಡರ್ ಕೊಟ್ಟವಳೂ ನಾನೇ. ಅದೂ ಸಮಾನತೆಯ ಹೆಸರಿನಲ್ಲಿ.

ನನ್ನ ಡಬ್ಬಿ ಹಿಡಿದು ಅಡುಗೆಕೋಣೆಗೆ ಹೋದೆ. ನನ್ನ ಮುಖ ನೋಡಿ ದೊಡ್ಡ ಅಕ್ಕನೇ ಮೊದಲು ಬಾಯಿಬಿಟ್ಟರು. "ನಮಗೆ ಬೇಡ ಮೇಡಂ, ನನಗೆ ಶುಗರ್ ಉಂಟು." ಹಿಂದಿನ ತಿಂಗಳು ಎರಡನೇ ತುಂಡಿಗೆ ಅಣ್ಣನನ್ನು ಪೀಡಿಸಿದವರು ಅವರೇ.

"ಸುಮ್ಮನಿರು ನೀನು. ಇವತ್ತು ಬೆಳಿಗ್ಗೆ ಬಂತಾ ಶುಗರ್?" ಎಂದು ಅಣ್ಣ ಗದರಿದರು. ಆಮೇಲೆ ನನ್ನ ಕಡೆ ತಿರುಗಿ, "ವಕೀಲ್ರೇ, ನಿಮ್ಮದು ತಿಂದಾಯ್ತಾ?"

"ಇಲ್ಲ."

"ತನ್ನಿ."

ನಾನು ಬಾಯಿ ತೆರೆದೆ. ಬೇಕರಿಗೆ ಫೋನ್ ಮಾಡ್ತೇನೆ, ಈಗಲೇ ಇನ್ನು ನಾಲ್ಕು ತರಿಸ್ತೇನೆ ಎನ್ನಲು ಹೊರಟಿದ್ದೆ. ಅಣ್ಣ ಅಷ್ಟರಲ್ಲಿ ನೂಲನ್ನು ಬಿಸಿನೀರಿಗೆ ಅದ್ದಿಯಾಗಿತ್ತು. ಕೆಳಗಿನಿಂದ ವಾಚ್‌ಮನ್ನನ್ನೂ ಕೂಗಿ ಕರೆದರು. ಅಂಗೈಯಗಲದ ಆ ಕೇಕನ್ನು, ದೊಡ್ಡ ಕೇಕುಗಳನ್ನು ನೋಡುತ್ತಿದ್ದಷ್ಟೇ ಹೊತ್ತು ನೋಡಿದರು. ನೂಲಿನ ತುದಿಯಿಂದ ಗುರುತು ಮಾಡಿ, ಅಂಚಿನಿಂದ ನಡುವಿನವರೆಗೆ ಒಂದೊಂದಾಗಿ ಐದು ಸಲ ಒತ್ತಿದರು. ಬಂಗಾರದ ನನ್ನ ಹೆಸರು ಐದು ತುಂಡಾಯಿತು.

"ಆರಿಸಿ," ಅಂದರು.

ಅಕ್ಕಂದಿರು ತೆಗೆದುಕೊಂಡರು. ವಾಚ್‌ಮನ್ ತೆಗೆದುಕೊಂಡ. ನಾನು ಹಿಂದೆ ಸರಿದೆ, ಅವರು ಬಿಡಲಿಲ್ಲ. ಪಾಲು ಮಾಡಿದವರು ತಾವಲ್ಲವೇ, ನನ್ನ ನಂತರವೇ ತಮ್ಮದು ಎಂದರು. ಕೊನೆಗೆ ತಟ್ಟೆಯಲ್ಲಿ ಉಳಿದದ್ದನ್ನು ಎತ್ತಿಕೊಂಡು, "ತೂಕ ಮಾಡುವುದಿಲ್ವಾ?" ಎಂದು ಕೇಳಿದರು. ಅದರಲ್ಲಿ ಕೊಂಕು ಇತ್ತೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಇರಲಿಲ್ಲ. ಇದ್ದಿದ್ದರೆ ನಾನು ಉತ್ತರ ಕೊಡುತ್ತಿದ್ದೆ.

ಏನಾದರೂ ಹೇಳಲೇಬೇಕೆಂದು ಕೇಳಿದೆ, "ಬಾರದವರದ್ದು ಇಡ್ಲಿಲ್ವಾ ಅಣ್ಣ ಇವತ್ತು?"

"ಇವತ್ತು ನಾವು ತಿನ್ನುವುದು ಅದನ್ನೇ ಅಲ್ವಾ," ಅಂದರು. ಮೆಲ್ಲಗೆ, ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುವ ದನಿಯಲ್ಲಿ.

ಹೊರಗೆ ಹದಿನೆಂಟು ಜನ ತಂತಮ್ಮ ಹೆಸರು ತಿನ್ನುತ್ತಿದ್ದರು. ಯಾರಿಗೂ ಏನೂ ಗೊತ್ತಾಗಲಿಲ್ಲ. ನಾನು ಎರಡು ಬೆರಳಿನಷ್ಟು ಕೇಕ್ ಹಿಡಿದು ಆ ಅಡುಗೆಕೋಣೆಯಲ್ಲಿ ನಿಂತಿದ್ದೆ. ಇಷ್ಟು ವರ್ಷ ವೇದಿಕೆಯ ಮೇಲೆ ನ್ಯಾಯ ಎಂಬ ಶಬ್ದವನ್ನು ಎಷ್ಟು ಸಲ ಬಳಸಿದ್ದೆನೋ ಲೆಕ್ಕವಿಲ್ಲ. ಅದನ್ನು ಕೈಯಲ್ಲಿ ಮಾಡುವುದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸಿಟ್ಟಿಲ್ಲದೆ, ನನ್ನನ್ನೂ ಹೊರಗಿಡದೆ…

ಎರಡು ವರ್ಷದ ನಂತರ ನಾನು ಕೆಲಸ ಬದಲಿಸಿದೆ. ಅಣ್ಣನ ನಂಬರ್ ಫೋನಿನಲ್ಲಿತ್ತು. ಒಮ್ಮೆ ಕರೆ ಮಾಡಬೇಕು ಎಂದುಕೊಳ್ಳುತ್ತಿದ್ದೆ. ಹಳೆಯ ವಾಚ್‌ಮನ್ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, "ಅಣ್ಣ ಹೋದ್ರಲ್ಲ ಮೇಡಂ, ಗೊತ್ತಿಲ್ವಾ?" ಎಂದಾಗ ಅವರು ತೀರಿ ತಿಂಗಳು ಕಳೆದಿತ್ತು. ಮರುದಿನ ದೋಣಿ ಹತ್ತಿ ಬೆಂಗ್ರೆಗೆ ಹೋದೆ. ಅವರ ಹೆಂಡತಿ ಅಂಗಳದಲ್ಲಿ ಒಣಮೀನು ತಿರುವಿಹಾಕುತ್ತಿದ್ದರು. ಯಾರೆಂದು ಹೇಳಿಕೊಂಡೆ, ಗುರುತು ಸಿಗಲಿಲ್ಲ. ಫಳ್ನೀರಿನ ಆಫೀಸು ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಕೇಕ್ ತೂಗಿದ್ದು ನೀವಾ?"

ಹೌದು ಅಂದೆ.

"ಬಂದವರಿಗೆಲ್ಲ ಅದನ್ನೇ ಹೇಳುವುದು ಇವರು. ಮೆಷಿನ್ ಇಟ್ಟು ತೂಗಿದ್ರು, ಫಸ್ಟ್ ಕ್ಲಾಸ್ ಕೊಟ್ರು ಅಂತ." ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಫಸ್ಟ್ ಕ್ಲಾಸ್ ಎಂದು ಹೇಳಿರಲೇ ಇಲ್ಲ. ಆ ಪ್ರಶ್ನೆಗೆ ಎಲ್ಲರೂ ನಕ್ಕರು, ನಾನು ಎಣಿಸಲು ಶುರುಮಾಡಿದೆ, ಅಷ್ಟೇ. ಉತ್ತರ ಬಾಕಿಯಿತ್ತು. ಅದನ್ನು ಅವರಿಗೆ ಹೇಳಲಿಲ್ಲ. ಹೊರಡುವಾಗ ಒಳಗಿಂದ ಈ ನೂಲು ತಂದು ಕೊಟ್ಟರು. ಅಂಗಿ ಪ್ಯಾಂಟು ಯಾರಿಗೋ ಕೊಡುವ ಮೊದಲು ಕಿಸೆಯಲ್ಲಿ ಸಿಕ್ಕಿತಂತೆ.

ಶುಕ್ರವಾರ ಅದನ್ನು ಬಿಸಿನೀರಿನಲ್ಲಿ ಅದ್ದಿದೆ. ನಮ್ಮ ಆಫೀಸಿನಲ್ಲಿ ಹದಿಮೂರು ಜನ, ನೀರಿನ ಕ್ಯಾನ್ ಹಾಕುವವರನ್ನೂ ಗುಡಿಸುವವರನ್ನೂ ಸೇರಿಸಿ ಹದಿನೈದು. ಒಂದು ನಿಮಿಷ ಕೇಕನ್ನು ನೋಡಿದೆ, ಗುರುತು ಮಾಡಿ ಒತ್ತಿದೆ. ನೂಲು ಓರೆಯಾಗಿ ಹೋಯಿತು. ಒಂದು ತುಂಡು ಬೆಟ್ಟ, ಒಂದು ಬೆಂಕಿಪೊಟ್ಟಣ. ನನ್ನ ಕೈಯಲ್ಲಿ ಅದು ಬರೀ ನೂಲು.

"ಎಂತ ಮೇಡಂ ಇದು, ನನ್ನದು ಇಷ್ಟೇ ಇಷ್ಟಾ?" ಹೊಸದಾಗಿ ಸೇರಿದವಳು ಕೇಳಿದಳು. ಅವಳೂ ವಾದ ಮಾಡುವ ಜಾತಿ.

"ಬೇಕಾದ್ದನ್ನು ಆರಿಸು. ನನ್ನದು ಕೊನೆಗೆ."

ಎಲ್ಲರೂ ಆರಿಸಿದರು. ತಟ್ಟೆಯಲ್ಲಿ ಎರಡು ಉಳಿದವು. ಚಿಕ್ಕದನ್ನು ನಾನು ತೆಗೆದುಕೊಂಡೆ.

"ಇದೊಂದು ಜಾಸ್ತಿ ಉಂಟಲ್ಲ," ಅವಳು ಬಿಡಲಿಲ್ಲ. "ಇದು ಯಾರದ್ದು?"

ಉತ್ತರ ನನಗೆ ಗೊತ್ತಿತ್ತು. ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿಟ್ಟು, ನೂಲು ತೊಳೆಯಲು ಹೋದೆ.